ಅಗಸಿಯ ಹೊರಗಣ ಊರು

ಭೀಮಾನದಿಯು ಸೊಲ್ಲಾಪುರದ ಸೀಮೆಯನ್ನು ದಾಟಿ, ಅಫಜಲಪುರದ ಕರಿಯ ಎರೆನೆಲದ ಅಂಚನ್ನು ಸವರುತ್ತ ಬಂದು, ಗಾಣಗಾಪುರದ ಬಳಿಯಲ್ಲಿ ಆಳಂದದ ಕಡೆಯಿಂದ ಇಳಿದುಬರುವ ಅಮರ್ಜೆಯನ್ನು ತನ್ನೊಡನೆ ಕೂಡಿಸಿಕೊಂಡು, ಜೇವರ್ಗಿಯನ್ನು ತನ್ನ ತೆಂಕಣ ದಡದಲ್ಲಿ ಬಿಟ್ಟು ಮುಂದಕ್ಕೆ ಸಾಗುತ್ತದೆ. ಈ ಮೂರು ತಾಲ್ಲೂಕುಗಳ ಹಳೆಯ ಹಳ್ಳಿಗಳಲ್ಲಿ ಯಾವುದನ್ನು ಹೊಕ್ಕರೂ ಊರಿನ ಕಟ್ಟಣೆ ಬಹುಮಟ್ಟಿಗೆ ಒಂದೇ ತೆರನಾಗಿದ್ದಿತು: ನಡುವೆ ಗೌಡರ ವಾಡೆ, ಅದರ ಮಗ್ಗುಲಿಗೆ ಹುಡೇವು, ಹನುಮಂತದೇವರ ಗುಡಿ, ಮಠ, ಮಸೀದಿ, ಕಲ್ಲು ಮಣ್ಣುಗಳ ಮಾಳಿಗೆಮನೆಗಳ ಒತ್ತಾದ ಓಣಿಗಳು, ಇವೆಲ್ಲವನ್ನೂ ತನ್ನ ತೋಳಿನೊಳಗೆ ಹಿಡಿದುಕೊಂಡ ಕಲ್ಲಿನ ಅಗಸಿ. ಅಗಸಿಯನ್ನು ದಾಟಿದ ಮೇಲೆ, ಸಾಮಾನ್ಯವಾಗಿ ನೆಲ ತಗ್ಗಾದ ಕಡೆಯಲ್ಲಿ, ಮಳೆಗಾಲದಲ್ಲಿ ಊರಿನ ನೀರೆಲ್ಲ ಹರಿದುಬಂದು ನಿಲ್ಲುವ ಎಡೆಯಲ್ಲಿ, ಹೊಲಗೇರಿ. ಅದಕ್ಕೂ ಆಚೆ ಮಾದರ ಓಣಿ. ಊರೆಂಬ ಹೆಸರು ಅಗಸಿಯ ಒಳಗಿನವರಿಗೆ ಸಂದಿತ್ತು. ಹೊರಗಿನವರು ಊರವರ ಕೆಲಸಕ್ಕೆ ಬರುತ್ತಿದ್ದರು, ಹೊತ್ತು ಮುಳುಗುವುದರೊಳಗೆ ತಮ್ಮ ಕೇರಿಗೆ ಮರಳುತ್ತಿದ್ದರು. ಇಂದು ಕಲಬುರಗಿ ಜಿಲ್ಲೆಯ ಜನರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ಪರಿಶಿಷ್ಟ ಜಾತಿಗೆ ಸೇರಿದವರಾದುದರಿಂದ, ಈ ಹೊರಗಣ ಊರಿನ ಚರಿತ್ರೆಯನ್ನು ಬಿಟ್ಟು ಬರೆದ ಈ ಸೀಮೆಯ ಚರಿತ್ರೆಯು ಕಾಲುಭಾಗದಷ್ಟು ಜನರನ್ನು ಲೆಕ್ಕಕ್ಕೆ ಇಡದ ಚರಿತ್ರೆಯೇ ಆಗುತ್ತದೆ.

ಈ ಮಾತನ್ನು ಹೇಳುವಾಗ ಸಾಗರದಾಚೆಯ ಒಂದು ದೇಶದ ನೆನಪು ಬಾರದಿರದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅಂತರ್ಯುದ್ಧವು ಮುಗಿದು, ಗುಲಾಮರಿಗೆ ಬಿಡುಗಡೆಯೂ ಮತಾಧಿಕಾರವೂ ದೊರೆತು, ಪುನರ್ನಿರ್ಮಾಣವೆಂದು ಹೆಸರಾದ ಹನ್ನೆರಡು ವರ್ಷಗಳ ಕಾಲ ಕರಿಯರು ಶಾಸನಸಭೆಗಳಲ್ಲಿ ಕುಳಿತು, 1877ರಲ್ಲಿ ಒಕ್ಕೂಟದ ಸೈನ್ಯವು ಹಿಂತೆಗೆದ ಬಳಿಕ, ಕೊಟ್ಟುದನ್ನೆಲ್ಲ ಬಿಳಿಯರು ಕಾಯಿದೆಯ ಕೈಯಿಂದಲೇ ಕಸಿದುಕೊಂಡರು. ಮಿಸಿಸಿಪಿ ರಾಜ್ಯವು 1890ರ ತನ್ನ ಸಂವಿಧಾನದಲ್ಲಿ ತಲೆಗಂದಾಯವನ್ನೂ ಓದುಬರಹದ ಪರೀಕ್ಷೆಯನ್ನೂ ಮತದಾರನ ಮುಂದೆ ಒಡ್ಡಿತು. ಲೂಸಿಯಾನ ರಾಜ್ಯವು ಅದೇ ವರ್ಷ ರೈಲುಗಾಡಿಯಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಡಬ್ಬಿಗಳೆಂದು ಶಾಸನ ಮಾಡಿತು. 1896ರಲ್ಲಿ ಪ್ಲೆಸಿಯೆಂಬಾತನ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆ ವರ್ಷ ಲೂಸಿಯಾನದ ಮತದಾರರ ಪಟ್ಟಿಯಲ್ಲಿದ್ದ ಕರಿಯರು 1,30,334. 1904ರ ಹೊತ್ತಿಗೆ ಉಳಿದವರು 1,342. ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ಹೋರಾಡಿದ ಸಜ್ಜನರಿಗೆ ಅರ್ಪಿಸಿದಾಗ ಆ ಬಿಡುಗಡೆಗೆ ಇಂಥ ಗತಿ ಒದಗೀತೆಂದು ಯಾರೂ ಬಗೆದಿರಲಾರರು. ಮುಂದೆ 1946ರಲ್ಲಿ ಅಂಬೇಡ್ಕರರು ಡು ಬಾಯ್ಸ್ ಎಂಬ ಕರಿಯ ವಿದ್ವಾಂಸರಿಗೆ ಕಾಗದ ಬರೆದು, ಸಂಯುಕ್ತ ರಾಷ್ಟ್ರಗಳ ಮುಂದೆ ನೀಗ್ರೋ ಜನರು ಇಟ್ಟ ಮನವಿಯ ಪ್ರತಿಯನ್ನು ಕೇಳಿದರು. ಎರಡು ನೆಲಗಳ ನೋವಿನ ನಂಟು ಅವರಿಗೆ ಸ್ಪಷ್ಟವಾಗಿದ್ದಿತು.

ಆದರೆ ನಂಟಿರುವಂತೆಯೇ ಒಂದು ಭೇದವೂ ಇದೆ. ಆ ಭೇದವೇ ಈ ಲೇಖನದ ವಿಷಯ. ಲೂಸಿಯಾನದ ಬೇಲಿಯು ಶಾಸನದ ಬೇಲಿ, ಅದಕ್ಕೆ ತೇದಿಯುಂಟು, ಸಂಖ್ಯೆಯುಂಟು, ಅದನ್ನು ರದ್ದುಮಾಡುವ ದಿನವೂ ಉಂಟು. ಆಳಂದದ ಬೇಲಿಯನ್ನು ಯಾವ ಸರಕಾರವೂ ಹಾಕಲಿಲ್ಲ. ಆಗ ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರ ಕಾಯಿದೆಗ್ರಂಥದಲ್ಲಿ ಹೊಲೆಯನು ಇಂಥ ಬಾವಿಗೆ ಬರಕೂಡದೆಂಬ ಪಂಕ್ತಿಯಿರಲಿಲ್ಲ. ಇರುವ ಅಗತ್ಯವೂ ಇರಲಿಲ್ಲ. ಸೊಲ್ಲಾಪುರದಿಂದ ರಾಯಚೂರಿನವರೆಗೆ ಹಾಸಿದ ಕಬ್ಬಿಣದ ಹಾದಿಯು 1871ರಲ್ಲಿ ಮದರಾಸಿನ ಹಾದಿಯನ್ನು ಮುಟ್ಟಿತಷ್ಟೆ. ಆ ಗಾಡಿಯ ಮೂರನೆಯ ದರ್ಜೆಯಲ್ಲಿ ಟಿಕೀಟು ಪಡೆದವನ ಜಾತಿಯನ್ನು ಕೇಳಿ ಬೇರೆ ಡಬ್ಬಿ ತೋರಿಸುವ ನಿಯಮವಿರಲಿಲ್ಲ. ಲೂಸಿಯಾನದಲ್ಲಿ ಮೊದಲು ಭಾಗವಾದುದು ರೈಲಿನ ಡಬ್ಬಿ. ಇಲ್ಲಿ ಭಾಗವಾಗದೆ ಉಳಿದುದು ಅದೊಂದೇ. ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು ಹಳ್ಳಿಯ ಬಂಡಿದಾರಿಯನ್ನು ಹಿಡಿದೊಡನೆ ಬೇರೊಂದು ನ್ಯಾಯ ಆರಂಭವಾಗುತ್ತಿದ್ದಿತು. ಸೊಲ್ಲಾಪುರದ ಗಿರಣಿ, ಕಲಬುರಗಿಯ ಮಹಬೂಬಶಾಹಿ ಗಿರಣಿ, ಶಹಾಬಾದಿನ ಕಲ್ಲಿನ ಗಣಿ, ಮುಂಬಯಿಯ ಬಂದರು—ಇವುಗಳ ಕಡೆಗೆ ಹೊಲಗೇರಿಯ ಮಕ್ಕಳು ಗುಳೆಹೋದುದಕ್ಕೆ ಬರಗಾಲವು ಎಷ್ಟು ಕಾರಣವೋ ಈ ಎರಡು ನ್ಯಾಯಗಳ ನಡುವಣ ಅಂತರವೂ ಅಷ್ಟೇ ಕಾರಣವೆಂದು ನನ್ನ ಎಣಿಕೆ.

ಹೈದರಾಬಾದು ಸಂಸ್ಥಾನದ ನೆಲದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ನೇರವಾದ ದಿವಾನಿ ಆಡಳಿತದ ಹೊರಗಿದ್ದು, ಸರ್ಫೆಖಾಸ, ಪೈಗಾ, ಜಹಗೀರುಗಳೆಂದು ಹಂಚಿಹೋಗಿದ್ದಿತು. ಪ್ರಭುವು ದೂರದ ಹೈದರಾಬಾದಿನಲ್ಲಿ; ಕಚೇರಿಯ ಭಾಷೆ ಉರ್ದು; ಹಳ್ಳಿಯಲ್ಲಿ ನಿಜವಾದ ದೊರೆತನ ಪೊಲೀಸ ಪಟೇಲ, ಮಾಲಿ ಪಟೇಲ, ಕುಲಕರ್ಣಿ ಎಂಬ ವತನದಾರರದು. ತಹಸೀಲ್ದಾರನ ಸವಾರಿ ಬಂದರೆ ಕುದುರೆಗೆ ಹುಲ್ಲು, ಡೇರೆಗೆ ಗೂಟ, ಗಂಟುಮೂಟೆಗೆ ಹೆಗಲು ಕೇರಿಯಿಂದ ಬರಬೇಕು, ಕೂಲಿಯ ಮಾತಿಲ್ಲ. ಇದನ್ನು ಬಿಟ್ಟಿಯೆಂದರು. ಊರಿನ ಗಡಿ ತೋರಿಸುವುದು, ಕಂದಾಯದ ಗಂಟನ್ನು ಕಚೇರಿಗೆ ಮುಟ್ಟಿಸುವುದು, ಸತ್ತ ಸುದ್ದಿಯನ್ನು ನೆರೆಯೂರಿಗೆ ಒಯ್ಯುವುದು, ಸತ್ತ ದನವನ್ನು ಎಳೆದುಹಾಕುವುದು, ಜಾತ್ರೆಯಲ್ಲಿ ಹಲಗೆ ಬಾರಿಸುವುದು—ಇವೆಲ್ಲ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಚಾಕರಿಗಳು.

ಈ ಚಾಕರಿಗೆ ಪ್ರತಿಯಾಗಿ ದೊರೆಯುತ್ತಿದ್ದುದು ಆಯ. ಸುಗ್ಗಿಯ ಕಾಲದಲ್ಲಿ ಜೋಳದ ತೆನೆಯನ್ನು ಕಣಕ್ಕೆ ಹಾಕಿ, ಎತ್ತುಗಳಿಂದ ತುಳಿಸಿ, ಗಾಳಿಗೆ ತೂರಿ, ಬೆಳ್ಳನೆಯ ರಾಶಿ ನಿಂತು ಪೂಜೆಯಾದ ಬಳಿಕ, ಬಡಿಗ, ಕಮ್ಮಾರ, ಕುಂಬಾರ, ನಾವಿಗ, ಅಗಸ ಮೊದಲಾದ ಆಯಗಾರರು ಸರದಿಯಂತೆ ಬಂದು ತಮ್ಮ ಪಾಲನ್ನು ಅಳೆಸಿಕೊಂಡು ಹೋಗುವರು. ಕೇರಿಯವನು ಕಣದ ಮಟ್ಟಸವಾದ ನೆಲದೊಳಗೆ ಕಾಲಿಡುವಂತಿಲ್ಲ. ಅಂಚಿನಲ್ಲಿ ನಿಂತು, ಕಂಬಳಿಯ ಸೆರಗನ್ನು ಚಾಚಿ, ಮೇಲಿನಿಂದ ಸುರಿದುದನ್ನು ಹಿಡಿದುಕೊಳ್ಳಬೇಕು. ಎಲ್ಲರೂ ಹೋದ ಮೇಲೆ ಕಣ ಗುಡಿಸಿದ ಕಾಳು, ಮಣ್ಣು ಹೊಟ್ಟುಗಳೊಡನೆ ಬೆರೆತದ್ದು, ಅವನ ಹೆಂಡತಿಗೆ. ಆಕೆ ಅದನ್ನು ಮನೆಗೆ ಒಯ್ದು, ಕೇರಿ, ತೊಳೆದು, ಕಲ್ಲು ಆಯ್ದು ಒಲೆಯ ಮೇಲಿಡುವಳು. ಅದೇ ಹೊಲದ ಬಾವಿಯ ಕಪಿಲೆಗೆ ಚರ್ಮದ ಬಾನಿಯನ್ನು ಹದಮಾಡಿ ಹೊಲಿದು ಕೊಟ್ಟವನು ಮಾದಿಗ. ಅವನು ಹೊಲಿದ ಬಾನಿಯು ದಿನವೆಲ್ಲ ಬಾವಿಯೊಳಗೆ ಮುಳುಗಿ ಏಳುವುದು, ಆ ನೀರು ಊರವರ ತೋಟಕ್ಕೂ ತೊಟ್ಟಿಗೂ ಹರಿಯುವುದು. ಹೊಲಿದ ಕೈ ಮಾತ್ರ ಆ ನೀರನ್ನು ಮುಟ್ಟಕೂಡದು. ಅವನ ಮನೆಯ ಹೆಂಗಸು ಕೊಡವನ್ನು ದೂರದಲ್ಲಿಟ್ಟು, ಯಾರಾದರೂ ಪುಣ್ಯವಂತರು ಬಂದು ಎತ್ತಿ ಹೊಯ್ಯುವವರೆಗೆ ಬಿಸಿಲಿನಲ್ಲಿ ಕಾಯಬೇಕು. ಮೈಲಿಗೆಯು ಚರ್ಮದಲ್ಲಿದ್ದರೆ ಬಾವಿಯು ಎಂದೋ ಮಲಿನವಾಗಿರಬೇಕಿತ್ತು. ಇದನ್ನು ಯೋಚಿಸಿದವನಿಗೆ ಈ ಪದ್ಧತಿಯು ಶುಚಿಯನ್ನು ಕುರಿತದ್ದಲ್ಲವೆಂಬುದು ತಾನೇ ತೋರುತ್ತದೆ.

ಇನ್ನು ಜೀತ. ಮದುವೆಗೋ ಮಣ್ಣಿಗೋ ಎತ್ತಿದ ಸಾಲವು ಯುಗಾದಿಯಿಂದ ಯುಗಾದಿಗೆ ಬೆಳೆದು, ತಂದೆಯ ಹೆಬ್ಬೆಟ್ಟು ಮಗನ ದುಡಿಮೆಯನ್ನು ಕಟ್ಟಿಹಾಕುತ್ತಿದ್ದಿತು. ಇದನ್ನು ತಡೆಯಲೆಂದು ನಿಜಾಮ ಸರಕಾರವೇ 1936ರಲ್ಲಿ ಭಗೇಲಾ, ಎಂದರೆ ಜೀತದ, ಕರಾರುಗಳ ನಿಬಂಧನೆಯನ್ನು ಹೊರಡಿಸಿತು. ನಿಬಂಧನೆಯು ಉರ್ದುವಿನಲ್ಲಿ ಅಚ್ಚಾಯಿತು, ಕಚೇರಿಯ ಕಡತದಲ್ಲಿ ಸೇರಿತು. ಅದನ್ನು ಜಾರಿಗೆ ತರಬೇಕಾದ ಪಟೇಲನೇ ಬಹುಸಲ ಸಾಲಿಗನೂ ಆಗಿದ್ದನಾದುದರಿಂದ, ಕೇರಿಗೆ ಅದರ ಸುಳಿವೂ ತಾಕದೆಹೋಯಿತು.

ಈ ನೆಲಕ್ಕೆ ಸಮತೆಯ ಮಾತು ಹೊಸದೆಂದು ಯಾರೂ ಹೇಳಲಾರರು. ಆಳಂದಕ್ಕೆ ಬಡಗಣದಲ್ಲಿ ಬಹು ದೂರವೇನೂ ಇಲ್ಲದ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನಡೆದ ಮದುವೆಯೇ ಮಹಾಕ್ರಾಂತಿಗೆ ಕಿಡಿಯಾಯಿತೆಂದು ಪರಂಪರೆ ಹೇಳುತ್ತದೆ. ಜೇವರ್ಗಿಯು ಷಣ್ಮುಖ ಶಿವಯೋಗಿಗಳಂಥ ವಚನಕಾರರ ಊರು. ಆಳಂದದ ಲಾಡ್ಲೆ ಮಶಾಯಕರ ದರ್ಗೆಗೆ ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ. ಗಾಣಗಾಪುರದ ನರಸಿಂಹ ಸರಸ್ವತಿಗಳನ್ನು ಕುರಿತ ಮರಾಠಿ 'ಗುರುಚರಿತ್ರೆ'ಯಲ್ಲಿ ಒಂದು ಕಥೆಯಿದೆ. ವೇದಮದದಿಂದ ವಾದಕ್ಕೆ ಬಂದ ಇಬ್ಬರು ಬ್ರಾಹ್ಮಣರೆದುರಿಗೆ ಗುರುಗಳು ಹಾದಿಯಲ್ಲಿ ಹೋಗುತ್ತಿದ್ದ ಅಂತ್ಯಜನೊಬ್ಬನನ್ನು ಕರೆಸಿ, ನೆಲದ ಮೇಲೆ ಏಳು ಗೆರೆಗಳನ್ನು ಎಳೆಸಿ, ಒಂದೊಂದನ್ನೇ ದಾಟಿಸುತ್ತಾರೆ. ದಾಟಿದಂತೆಲ್ಲ ಅವನಿಗೆ ಹಿಂದಿನ ಜನ್ಮಗಳು ನೆನಪಾಗಿ, ಏಳನೆಯದನ್ನು ದಾಟಿ ಮೈಗೆ ಭಸ್ಮ ಬಿದ್ದೊಡನೆ ವೇದವನ್ನು ಹೇಳತೊಡಗುತ್ತಾನೆ. ಪಂಡಿತರು ತಲೆತಗ್ಗಿಸುತ್ತಾರೆ. ಕಥೆಯು ಇಷ್ಟಕ್ಕೇ ನಿಂತಿದ್ದರೆ ಅದು ಬೇರೆಯೇ ಆಗುತ್ತಿದ್ದಿತು; ಆದರೆ ಮುಂದೆ ಅವನ ಮೈಮೇಲೆ ನೀರು ಹೊಯ್ಯಿಸುತ್ತಾರೆ, ಭಸ್ಮ ತೊಳೆದುಹೋಗುತ್ತದೆ, ಅವನು ಹಿಂದಿನಂತೆಯೇ ಆಗಿ ಹೆಂಡಿರು ಮಕ್ಕಳೊಡನೆ ಕೇರಿಗೆ ಹಿಂದಿರುಗುತ್ತಾನೆ. ನಮ್ಮ ಭಕ್ತಿಯ ಔದಾರ್ಯವೆಷ್ಟು, ಅದರ ಎಲ್ಲೆಯೆಲ್ಲಿ ಎಂಬುದನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಹೇಳಿದ ಕಥೆಯನ್ನು ನಾನು ಕಾಣೆ.

ಕೇರಿಯ ರಾಜಕಾರಣವು ಹೈದರಾಬಾದಿನಿಂದಲೂ ಸೊಲ್ಲಾಪುರದಿಂದಲೂ, ಹೀಗೆ ಎರಡು ದಿಕ್ಕುಗಳಿಂದ, ಈ ಸೀಮೆಯನ್ನು ಹೊಕ್ಕಿತು. ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮರು ತಮ್ಮ ಜನರು ಈ ನೆಲದ ಮೂಲನಿವಾಸಿಗಳೆಂದು ಸಾರಿ ಆದಿ ಹಿಂದೂ ಚಳುವಳಿಯನ್ನು ಕಟ್ಟಿದರು. ಅವರ ಬಳಿಕ ಬಿ. ಎಸ್. ವೆಂಕಟರಾಯರೂ ಬಿ. ಶ್ಯಾಮಸುಂದರರೂ ಮುಂದಾಳುಗಳಾದರು. ಸೊಲ್ಲಾಪುರದ ಕಡೆಯಿಂದ, ಗಿರಣಿಯಲ್ಲಿ ದುಡಿದು ಹಬ್ಬಕ್ಕೆ ಊರಿಗೆ ಬರುತ್ತಿದ್ದ ಕೂಲಿಕಾರರೊಡನೆ, ಅಂಬೇಡ್ಕರರ ಹೆಸರು ಆಳಂದ ಅಫಜಲಪುರಗಳ ಕೇರಿಗಳಿಗೆ ಬಂದಿತು. ನಿಜಾಮರ ರಾಜ್ಯವು ಅಸ್ಪೃಶ್ಯರಿಗೆ ಆಶ್ರಯವಾದೀತೆಂದು ಕೆಲವರು ನಂಬಿದ್ದರು. ಅವರ ಉದ್ಧಾರಕ್ಕೆಂದು 1 ಕೋಟಿ ರೂಪಾಯಿಯ ನಿಧಿಯನ್ನು ತೆಗೆದಿರಿಸಿದುದೂ, 1947ರಲ್ಲಿ ವೆಂಕಟರಾಯರು ಮಂತ್ರಿಯಾದುದೂ ಆ ನಂಬಿಕೆಗೆ ಇಂಬಾದುವು. ಆದರೆ ಅಂಬೇಡ್ಕರರಿಗೆ ಇದೇ ಸಂಸ್ಥಾನದ ದೌಲತಾಬಾದಿನಲ್ಲಿ 1934ರಲ್ಲಿ ಆದ ಅನುಭವ ಬೇರೆಯಾಗಿದ್ದಿತು: ಪ್ರಯಾಣದ ಧೂಳನ್ನು ತೊಳೆಯಲೆಂದು ಕೋಟೆಯ ಬಾಗಿಲ ಕೊಳದಲ್ಲಿ ಅವರೂ ಜೊತೆಯವರೂ ಕೈಕಾಲು ಮುಖ ತೊಳೆದುಕೊಂಡಾಗ, ಕೊಳವನ್ನು ಹೊಲಸುಮಾಡಿದರೆಂದು ಅಲ್ಲಿಯ ಮುಸಲ್ಮಾನರು ಮೇಲೆಬಿದ್ದರು, ಕೊನೆಗೆ ಒಳಗೆ ಎಲ್ಲಿಯೂ ನೀರು ಮುಟ್ಟಬಾರದೆಂಬ ಷರತ್ತಿನ ಮೇಲೆ, ಕಾವಲಿನವನನ್ನು ಜೊತೆಗೆ ಕೊಟ್ಟು ಕೋಟೆ ನೋಡಲು ಬಿಟ್ಟರು. 1947ರ ನವೆಂಬರಿನಲ್ಲಿ ಅವರು ಹೈದರಾಬಾದಿನ ಪರಿಶಿಷ್ಟ ಜನರು ನಿಜಾಮರ ಪಕ್ಷವನ್ನು ವಹಿಸಬಾರದೆಂದು ಬಹಿರಂಗವಾಗಿ ತಿಳಿಸಿದರು.

1948ರ ಸೆಪ್ಟೆಂಬರ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯಿಂದ ನಿಜಾಮರ ಪಕ್ಷದ ರಜಾಕಾರರ ಉಪಟಳವೂ ನಿಜಾಮರ ಆಸಫಜಾಹಿ ಆಳಿಕೆಯೂ ಕೊನೆಗೊಂಡುವು. ಆ ಬೆನ್ನಿಗೇ ಮುಸಲ್ಮಾನ ಬಡಜನರ ಮೇಲೆ ಬಿದ್ದ ಸೇಡಿನಲ್ಲಿ ಕಲಬುರಗಿ ಜಿಲ್ಲೆಯೂ ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಒಂದೆಂಬುದನ್ನು ಸುಂದರಲಾಲ ಸಮಿತಿಯು ದಾಖಲಿಸಿದೆ. ವಿಮೋಚನೆಯ ಚರಿತ್ರೆಯನ್ನು ಹೇಳುವವರು ಈ ಮಾತನ್ನು ಮರೆಯಬಾರದು. ಅಲ್ಲಿಂದ 1956ರ ನವೆಂಬರ 1ರಂದು ಈ ಜಿಲ್ಲೆಯು ವಿಶಾಲ ಮೈಸೂರಿನಲ್ಲಿ ಸೇರುವವರೆಗಿನ ಎಂಟು ವರ್ಷಗಳೇ ನಮ್ಮ ಸೀಮೆಯ ಪುನರ್ನಿರ್ಮಾಣದ ಕಾಲ. ಆ ಕಾಲದ ಆರಂಭದಲ್ಲಿ, ಫಸಲಿ ಲೆಕ್ಕದ 1358ರಲ್ಲಿಯೇ, ಹರಿಜನರ ದೇವಾಲಯ ಪ್ರವೇಶದ ನಿಬಂಧನೆಯೂ, ಬಾವಿ, ಧರ್ಮಶಾಲೆ, ಹೋಟೆಲು ಮೊದಲಾದೆಡೆಗಳಲ್ಲಿ ಅವರ ಸಾಮಾಜಿಕ ಅನರ್ಹತೆಗಳನ್ನು ತೊಡೆದುಹಾಕುವ ನಿಬಂಧನೆಯೂ ಹೊರಟುವು. 1949ರಲ್ಲಿ ಜಹಗೀರುಗಳು ರದ್ದಾದುವು. 1950ರಲ್ಲಿ ಗೇಣಿದಾರರ ರಕ್ಷಣೆಯ ಕಾಯಿದೆ ಬಂದಿತು. 1955ರ ಜೂನ್ 1ರಿಂದ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆಯು ದೇಶಕ್ಕೆಲ್ಲ ಅನ್ವಯಿಸಿತು.

ಇವೆಲ್ಲಕ್ಕೂ ಮಿಗಿಲಾದುದು 1952ರ ಚುನಾವಣೆ. 175 ಸ್ಥಾನಗಳ ಹೈದರಾಬಾದು ವಿಧಾನಸಭೆಗೆ 33 ಕ್ಷೇತ್ರಗಳು ತಲಾ ಇಬ್ಬರು ಪ್ರತಿನಿಧಿಗಳನ್ನು ಆರಿಸಬೇಕಾಗಿದ್ದಿತು; ಲೋಕಸಭೆಗೆ ಕಲಬುರಗಿಯಿಂದ ಸ್ವಾಮಿ ರಾಮಾನಂದ ತೀರ್ಥರು ಆರಿಸಿಬಂದರು. ಜೋಡೆತ್ತು, ಆನೆ ಮುಂತಾದ ಚಿತ್ರಗಳನ್ನು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳು ಪರದೆಯ ಹಿಂದೆ ಸಾಲಾಗಿದ್ದುವು. ಅಕ್ಷರವರಿಯದ ಮಾದಿಗ ಮುದುಕಿಗೂ ಗೌಡನಿಗೂ ಒಂದೇ ಅಳತೆಯ ಚೀಟಿ, ಬೆರಳಿಗೆ ಒಂದೇ ಶಾಯಿ. ಮಿಸಿಸಿಪಿಯ ಕರಿಯನಿಗೆ ಈ ಹಕ್ಕು ನಿಶ್ಚಯವಾಗಿ ದೊರೆತುದು 1965ರ ಮತಾಧಿಕಾರ ಕಾಯಿದೆಯಿಂದ; ಅಂದರೆ ಜೇವರ್ಗಿಯ ಕೇರಿಯವನು ಅವನಿಗಿಂತ ಹದಿಮೂರು ವರ್ಷ ಮೊದಲೇ, ತಲೆಗಂದಾಯವಿಲ್ಲದೆ, ಪರೀಕ್ಷೆಯಿಲ್ಲದೆ ಮತ ಹಾಕಿದ್ದನು. ಇದು ಹೆಮ್ಮೆಪಡತಕ್ಕ ಸಂಗತಿ, ಸಂಕೋಚವಿಲ್ಲದೆ ಹೆಮ್ಮೆಪಡೋಣ.

ಹಾಗಿದ್ದರೆ ಬೇಲಿಯೇಕೆ ಉಳಿಯಿತು? ಅಮೆರಿಕದ ದಕ್ಷಿಣದ ರಾಜ್ಯಗಳ ಬಿಳಿಯ ಒಡೆಯನು ಕರಿಯನ ಮತಕ್ಕೆ ಅಂಜಿ ಅದನ್ನು ಕಸಿದನು. ಇಲ್ಲಿಯ ಒಡೆಯನಿಗೆ ಅಂಜುವ ಕಾರಣ ಬರಲಿಲ್ಲ. ನೆಲ ಅವನದು, ಸಾಲ ಅವನದು, ಸುಗ್ಗಿಯ ಕಣ ಅವನದು. ಮತವು ತಾನಾಗಿಯೇ ಅವನ ಹಿಂದೆ ಬಂದಿತು. ನಿನ್ನೆಯವರೆಗೆ ಜಹಗೀರುದಾರನಿಗೆ ಕಂದಾಯ ಮುಟ್ಟಿಸಿದ ವತನದಾರ ಮನೆತನಗಳೇ ಖಾದಿಯುಟ್ಟು ಕಾಂಗ್ರೆಸ್ಸಿನ ತಾಲ್ಲೂಕು ಸಮಿತಿಗಳನ್ನೂ ಸಹಕಾರಿ ಸಂಘಗಳನ್ನೂ ಹಿಡಿದುವು. ದೇವಾಲಯ ಪ್ರವೇಶವು ಅಧಿಕಾರಿಗಳೂ ಮುಂದಾಳುಗಳೂ ಬಂದ ದಿನ ನಡೆದು, ಅವರ ಮೋಟಾರು ಹೊರಟ ಮೇಲೆ ನಿಂತಿತು. ಬಸ್ಸು ನಿಲ್ಲುವೆಡೆಯ ಚಹದ ಅಂಗಡಿಗಳಲ್ಲಿ ಕೇರಿಯವರಿಗೆಂದು ಬೇರೆ ಬಟ್ಟಲು. ಅದನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುವರು, ಬಂದವನು ತಾನೇ ಇಳಿಸಿಕೊಂಡು, ದೂರದಿಂದ ಹೊಯ್ದ ಚಹವನ್ನು ಕುಡಿದು, ತಾನೇ ತೊಳೆದು, ಇದ್ದೆಡೆಯಲ್ಲಿಯೇ ಇಡಬೇಕು. ಕಾಸು ಎಲ್ಲರಷ್ಟೇ. 1955ರ ಕಾಯಿದೆಗೆ ಆ ಬಟ್ಟಲು ಅಪರಾಧವೇ ಸರಿ; ಆದರೆ ಫಿರ್ಯಾದಿ ಕೊಡಬೇಕಾದವನು ಮರುದಿನ ಕೂಲಿಗೆ ಹೋಗಬೇಕಾದುದು ಅದೇ ಅಂಗಡಿಯೆದುರು ಕುಳಿತವರ ಹೊಲಕ್ಕೆ. ಲೂಸಿಯಾನದ ಶಾಸನವನ್ನು ರದ್ದುಪಡಿಸಬಹುದಾಗಿದ್ದಿತು. ಬರೆಯದೆ ಇದ್ದ ಶಾಸನವನ್ನು ರದ್ದುಪಡಿಸುವ ಬಗೆ ಯಾವ ವಿಧಾನಸಭೆಗೂ ತಿಳಿಯದು.

1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ವತನಗಳನ್ನು ಕೊನೆಗಾಣಿಸಿದುದು ನಿಜಕ್ಕೂ ದೊಡ್ಡ ಹೆಜ್ಜೆ. ಬಿಟ್ಟಿಚಾಕರಿಯ ಬೇರಿಗೆ ಬಿದ್ದ ಮೊದಲ ಕೊಡಲಿಯದು. ಆದರೆ ಶ್ಯಾಮಸುಂದರರಿಗೆ ಇಷ್ಟರಿಂದ ಸಮಾಧಾನವಾಗಲಿಲ್ಲ. ಅವರು 1968ರಲ್ಲಿ ಕಲಬುರಗಿಯಲ್ಲಿಯೇ ಭೀಮಸೇನೆಯನ್ನು ಸ್ಥಾಪಿಸಿ, ಊರೂರಿನ ಅಂಚಿನಲ್ಲಿ ಅಲ್ಪಸಂಖ್ಯಾತರಾಗಿ ಚದುರಿಹೋಗಿರುವುದೇ ತಮ್ಮ ಜನರ ದೌರ್ಬಲ್ಯದ ಮೂಲವೆಂದು ಬಗೆದು, ಹಳ್ಳಿಗಳಲ್ಲಿ ನಾಲ್ಕರಲ್ಲೊಂದು ಪಾಲನ್ನು ಪರಿಶಿಷ್ಟರಿಗೇ ಬಿಟ್ಟುಕೊಡಬೇಕೆಂದು ಕೇಳಿದರು. ಬೇರ್ಪಡಿಕೆಗೆ ಬೇರ್ಪಡಿಕೆಯೇ ಮದ್ದೆಂಬ ಈ ವಿಚಾರವನ್ನು ನಾನು ಒಪ್ಪಲಾರೆ. ಆದರೆ ಅಗಸಿಯ ಹೊರಗಿನ ತಗ್ಗಿನಲ್ಲಿ ನಿಂತು ನೋಡಿದವನಿಗೆ ಅದು ಹೇಗೆ ನ್ಯಾಯವಾಗಿ ತೋರಿತೆಂಬುದು ನನಗೆ ಅರ್ಥವಾಗುತ್ತದೆ. ಆ ಕೋಪದ ಮತ್ತು ಆ ಕನಸಿನ ಕಾವು ಮುಂದೆ ಚೆನ್ನಣ್ಣ ವಾಲೀಕಾರರಂಥ ಈ ಜಿಲ್ಲೆಯ ಕವಿಗಳ ಬರಹದಲ್ಲಿ ಕಾಣಿಸಿಕೊಂಡಿತು.

ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯು ಉಳುವವನನ್ನು ಒಡೆಯನನ್ನಾಗಿ ಮಾಡಹೊರಟಿತು. 7ನೆಯ ನಮೂನೆಯ ಅರ್ಜಿಗಳನ್ನು ಹಿಡಿದು ಗೇಣಿದಾರರು ನ್ಯಾಯಮಂಡಲಿಯ ಮುಂದೆ ನಿಂತರು, ಅನೇಕರು ಗೆದ್ದರು. ಕೇರಿಯವರಲ್ಲಿ ಬಹುಮಂದಿ ಗೇಣಿದಾರರಾಗಿರಲೇ ಇಲ್ಲ. ಜೀತದವನಿಗೆ, ದಿನಗೂಲಿಯವಳಿಗೆ ಪಹಣಿಯ ಯಾವ ಅಂಕಣದಲ್ಲಿಯೂ ಹೆಸರಿಲ್ಲ; ಹೆಸರಿಲ್ಲದವರು ಯಾವ ನಮೂನೆಯನ್ನು ತುಂಬುವುದು? ಜೀತವನ್ನು 1976ರ ಕಾಯಿದೆ ನಿಷೇಧಿಸಿತು. ಸರಕಾರವು ಕೊಟ್ಟ ನೆಲವನ್ನು ಬಡತನದಿಂದ ಮಾರಿಕೊಂಡವರಿಗೆ ಮರಳಿಸಲು 1978ರ ಕಾಯಿದೆ ಬಂದಿತು. ಜನತಾ ಮನೆಗಳೂ ಬಂದುವು. ಅವುಗಳನ್ನು ಕಟ್ಟಿಸಿದುದು ಬಹುಪಾಲು ಹಳೆಯ ಕೇರಿಯ ಬೆನ್ನಿಗೇ. ಹೀಗೆ ಪ್ರಜಾಸರಕಾರದ ಹಣದಿಂದಲೇ, ಯಾರ ದುರುದ್ದೇಶವೂ ಇಲ್ಲದೆ, ಹಳೆಯ ನಕ್ಷೆಯು ಸಿಮೆಂಟಿನಲ್ಲಿ ಮತ್ತೊಮ್ಮೆ ಬರೆಯಲ್ಪಟ್ಟಿತು.

ರಾಜಕಾರಣದ ಮೇಲ್ಮಟ್ಟದಲ್ಲಿ ಮಾತ್ರ ಅದ್ಭುತವೆನ್ನಬಹುದಾದ ಬದಲಾವಣೆಗಳಾದುವು. ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಹುಟ್ಟಿದ ಧರ್ಮಸಿಂಗರು, ಸಂಖ್ಯೆಯಲ್ಲಿ ತೀರ ಅಲ್ಪವಾದ ರಜಪೂತ ಕುಲದವರಾಗಿದ್ದೂ, ಅದೇ ಕ್ಷೇತ್ರದಿಂದ ದಶಕಗಳ ಕಾಲ ಆರಿಸಿಬಂದು 2004ರಲ್ಲಿ ಮುಖ್ಯಮಂತ್ರಿಗಳಾದರು. ಅವರ ಆಪ್ತಮಿತ್ರರೂ, ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡು ಕಲಬುರಗಿಯಲ್ಲಿ ಬೆಳೆದವರೂ ಆದ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ ಗುರುಮಠಕಲ್ಲನ್ನು ಪ್ರತಿನಿಧಿಸಿ, ಕಲಬುರಗಿ ಲೋಕಸಭಾ ಕ್ಷೇತ್ರವು ಮೀಸಲಾದ ಮೇಲೆ 2009ರಲ್ಲಿ ಅಲ್ಲಿಂದ ಗೆದ್ದು, 2022ರಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇಂದು ಸಾಮಾನ್ಯ ವಿಧಾನಸಭಾ ಕ್ಷೇತ್ರಗಳು. ಇಲ್ಲಿ ಕೇರಿಯ ಮತವು ಸೋಲುಗೆಲುವನ್ನು ನಿರ್ಧರಿಸಬಲ್ಲುದಾದುದರಿಂದ ಎಲ್ಲ ಪಕ್ಷದವರೂ ಕೇರಿಗೆ ಬರುತ್ತಾರೆ, ಅಂಬೇಡ್ಕರರ ಪ್ರತಿಮೆಗೆ ಮಾಲೆ ಹಾಕುತ್ತಾರೆ. ಬಂದವರನ್ನು ಕೇರಿಯು ಕೇಳುವುದು ಹೆಚ್ಚಿನದೇನನ್ನೂ ಅಲ್ಲ: ಕುಡಿಯುವ ನೀರಿನ ನಳ, ಮಳೆಯ ನೀರು ಹೋಗಲು ಗಟಾರ, ಹೆಣ ಹೂಳಲು ನೆಲ.

ಈ ಕೊನೆಯದನ್ನು ವಿಶೇಷವಾಗಿ ಹೇಳಬೇಕು. ಊರಿನ ಒಂದೊಂದು ಜಾತಿಗೂ ತಮ್ಮದೇ ಹೊಲವೋ ರುದ್ರಭೂಮಿಯೋ ಇರುವಾಗ, ನೆಲವಿಲ್ಲದ ಕೇರಿಯವರು ಹಳ್ಳದ ದಂಡೆಯಲ್ಲಿಯೋ ಹಾದಿಯ ಬದಿಯಲ್ಲಿಯೋ ತಮ್ಮವರನ್ನು ಮಣ್ಣುಮಾಡುತ್ತ ಬಂದರು. ಹೊಲದವನು ದಾರಿ ಬಿಡದಿದ್ದರೆ ಹೆಣವನ್ನಿಟ್ಟುಕೊಂಡು ತಹಸೀಲ್ದಾರರಿಗಾಗಿ ಕಾಯುವುದು ಕರ್ನಾಟಕದ ಹಳ್ಳಿಗಳಲ್ಲಿ ಅಪರೂಪದ ಸುದ್ದಿಯೇನೂ ಆಗಿರಲಿಲ್ಲ. ಸ್ಮಶಾನವಿಲ್ಲದ ಪ್ರತಿಯೊಂದು ಗ್ರಾಮಕ್ಕೂ ಅದಕ್ಕೆ ಬೇಕಾದ ನೆಲವನ್ನು ಒದಗಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವು 2019ರಲ್ಲಿ ಸರಕಾರಕ್ಕೆ ಆಜ್ಞಾಪಿಸಿತು. ಗ್ರಾಮಲೆಕ್ಕಿಗರು ಸರ್ವೇ ನಂಬರುಗಳನ್ನು ಹುಡುಕುವ ಕೆಲಸ ಆ ಆಜ್ಞೆಯ ಬಳಿಕ ತಾಲ್ಲೂಕು ತಾಲ್ಲೂಕುಗಳಲ್ಲಿ ಆರಂಭವಾಯಿತು. ಸರಕಾರಿ ಗಾಯರಾಣವಿರುವ ಊರಲ್ಲಿ ನೆಲ ದೊರೆಯುತ್ತದೆ, ಗಾಯರಾಣವೆಲ್ಲ ಒತ್ತುವರಿಯಾಗಿ ಹೋದ ಊರಲ್ಲಿ ಒಡೆಯನು ಮಾರಲು ಒಪ್ಪಬೇಕು, ಒಪ್ಪಿದ ಮೇಲೆ ಅಲ್ಲಿಗೆ ಹೋಗುವ ದಾರಿಗೆ ನೆರೆಹೊಲದವನೂ ಒಪ್ಪಬೇಕು.